ಕಡಿದ ಕಾಡಿನ ಮರುಹುಟ್ಟು

ಪಟ್ಟಣದಲ್ಲಿ ವಾಸಿಸುವ ನಮಗೆ ಮರದ ಪರಿಚಯವು ಬಹುಮಟ್ಟಿಗೆ ಅದು ಸತ್ತ ಮೇಲೆ ಆಗತಕ್ಕದ್ದು. ಹಳೆಯ ಮನೆಯ ಹೆಬ್ಬಾಗಿಲಿನ ಚೌಕಟ್ಟು, ಪಡಸಾಲೆಯ ಕಂಬ, ಅಟ್ಟದ ತೊಲೆ, ಅಜ್ಜನ ಕಾಲದ ಪೆಟ್ಟಿಗೆ ಇವುಗಳನ್ನು ಮುಟ್ಟಿ ನೋಡಿ, ಇದು ತೇಗ, ಇದು ಬೀಟೆ, ಇದು ಹೊನ್ನೆ ಎಂದು ಗುರುತಿಸಬಲ್ಲ ಹಿರಿಯರು ಈಗಲೂ ನಮ್ಮಲ್ಲಿ ಉಂಟು. ಆ ಮರವು ಯಾವ ಸೀಮೆಯ ಕಾಡಿನಿಂದ ಬಂದಿತೆಂಬುದನ್ನೂ ಅವರಲ್ಲಿ ಕೆಲವರು ಹೇಳಿಯಾರು. ಆದರೆ ಅದನ್ನು ಕಡಿದ ಸ್ಥಳದಲ್ಲಿ ಆಮೇಲೆ ಏನಾಯಿತು ಎಂದು ಕೇಳಿದರೆ ಉತ್ತರ ಕೊಡತಕ್ಕವರು ವಿರಳ. ಮರವೊಂದು ಮನೆಗೆ ಬಂದ ಕೂಡಲೇ ಅದರ ಕಥೆ ಮುಗಿಯಿತೆಂದು ನಾವು ಭಾವಿಸುತ್ತೇವೆ. ಅದರ ಬುಡವು ಕಾಡಿನಲ್ಲಿಯೇ ಉಳಿದಿರುವುದೆಂಬುದನ್ನು ಮರೆಯುತ್ತೇವೆ. ಈ ಭಾಷಣದಲ್ಲಿ ಆ ಉಳಿದ ಬುಡದ ಚರಿತ್ರೆಯನ್ನು ಸ್ವಲ್ಪ ವಿಚಾರಮಾಡೋಣ.

ಕಬ್ಬು ಬೆಳೆಯುವ ರೈತನಿಗೆ ಕೂಳೆ ಎಂದರೇನೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಮೊದಲನೆಯ ಬೆಳೆಯನ್ನು ಕಡಿದ ಮೇಲೆ ನೆಲದಲ್ಲಿ ನಿಂತ ಬುಡವು ಮತ್ತೆ ಚಿಗುರಿ, ಹೊಸ ಬಿತ್ತನೆಯಿಲ್ಲದೆಯೇ ಎರಡನೆಯ ಬೆಳೆಯನ್ನು ಕೊಡುವುದು. ಕಾಡಿನ ಮರಗಳಲ್ಲಿಯೂ ಅನೇಕಕ್ಕೆ ಈ ಗುಣವು ಉಂಟು. ತೇಗವನ್ನು ನೆಲಕ್ಕೆ ಸಮೀಪವಾಗಿ ಕಡಿದರೆ ಮುಂದಿನ ಮಳೆಗಾಲದಲ್ಲಿ ಅದರ ಬೊಡ್ಡೆಯ ಸುತ್ತಲೂ ಹಲವು ಚಿಗುರುಗಳು ಹೊರಡುತ್ತವೆ. ಬೀಜದಿಂದ ಹುಟ್ಟಿದ ಸಸಿಯು ತನ್ನ ಬೇರನ್ನು ತಾನೇ ಬೆಳೆಸಿಕೊಳ್ಳಬೇಕು. ಬೊಡ್ಡೆಯ ಚಿಗುರಿಗಾದರೋ ತಾಯಿಮರದ ಬೇರಿನ ಭಂಡಾರವೆಲ್ಲವೂ ಸಿದ್ಧವಾಗಿ ದೊರೆಯುವುದು. ಆದುದರಿಂದ ಮೊದಲಿನ ಕೆಲವು ವರುಷಗಳಲ್ಲಿ ಚಿಗುರು ಸಸಿಗಿಂತ ಬಹಳ ವೇಗವಾಗಿ ಏಳುತ್ತದೆ. ಮತ್ತಿ, ದಿಂಡಿಗ ಮೊದಲಾದ ಮರಗಳೂ ಹೀಗೆಯೇ ಬುಡದಿಂದ ಚಿಗುರುತ್ತವೆ. ಬೀಟೆಯಲ್ಲಿ ಇನ್ನೊಂದು ವಿಶೇಷವುಂಟು: ನೆಲದೊಳಗೆ ಹರಿದ ಬೇರಿಗೆ ಎಲ್ಲಿ ಗಾಯವಾಗುವುದೋ ಅಲ್ಲಿಂದಲೇ ಹೊಸ ಸಸಿಯೇಳುತ್ತದೆ. ಇದನ್ನರಿತ ಅರಣ್ಯಾಧಿಕಾರಿಗಳು ಬೀಟೆಯ ಸುತ್ತ ಕಿರಿಯ ಕಾಲುವೆಗಳನ್ನು ತೋಡಿ, ಬೇರುಗಳನ್ನು ಬೇಕೆಂದೇ ಕತ್ತರಿಸಿ ಸಸಿಗಳನ್ನು ಎಬ್ಬಿಸಿರುವುದುಂಟು.

ಬೀಜದಿಂದ ಹುಟ್ಟುವ ಮರಗಳ ರೀತಿಯೂ ಕುತೂಹಲಕರವಾದದ್ದೇ. ಚಿತ್ರದುರ್ಗ, ತುಮಕೂರು ಪ್ರಾಂತಗಳ ಒಣ ಗುಡ್ಡಗಳಲ್ಲಿ ಕಮರವೆಂಬ ಮರವಿದೆ. ಅದರ ಚೇಗು ನಮ್ಮ ದೇಶದ ಅತ್ಯಂತ ಗಡುಸಾದ, ಅತ್ಯಂತ ಭಾರವಾದ ಮೋಪುಗಳಲ್ಲಿ ಒಂದು. ನೀರಿನಲ್ಲಿ ಹಾಕಿದರೆ ಮುಳುಗುವುದು. ಇದರ ಬೀಜಕ್ಕೆ ರೆಕ್ಕೆಯಿರುವುದರಿಂದ ಗಾಳಿಯು ಅದನ್ನು ಒಯ್ದು ಬಿತ್ತುತ್ತದೆ. ಎಲ್ಲ ವರುಷಗಳಲ್ಲಿಯೂ ಫಲ ಸಮೃದ್ಧಿಯಾಗಿರುವುದಿಲ್ಲ. ಕೆಲವು ವರುಷಗಳಿಗೊಮ್ಮೆ ಮಾತ್ರ ಮರಗಳು ಹೇರಳವಾಗಿ ಬೀಜ ಬಿಡುತ್ತವೆ. ಮೊಳೆತ ಸಸಿಯು ಮೇಲಕ್ಕೆ ಏಳುವುದಕ್ಕಿಂತ ಮುಂಚೆ ತಾಯಿಬೇರನ್ನು ಆಳಕ್ಕೆ ಇಳಿಸುವುದು. ಬೇಸಗೆಯಲ್ಲಿ ಅದರ ಕಾಂಡವು ಒಣಗಿಹೋಗಬಹುದು. ನೋಡಿದವರು ಸತ್ತಿತೆಂದು ತಿಳಿಯುವರು. ಮಳೆ ಬಿದ್ದೊಡನೆ ಅದೇ ಬೇರಿನಿಂದ ಮತ್ತೆ ಚಿಗುರು. ಹೀಗೆ ಹಲವು ವರುಷ ಸಾಯುತ್ತ ಹುಟ್ಟುತ್ತ ಬೇರು ಬಲಿತ ಬಳಿಕ, ಒಂದು ಮಳೆಗಾಲದಲ್ಲಿ ಕಾಂಡವು ಸ್ಥಿರವಾಗಿ ನಿಲ್ಲುತ್ತದೆ. ತೇಗದ ಸಸಿಗಳಲ್ಲಿಯೂ ಈ ರೀತಿಯನ್ನು ಕಾಣಬಹುದು. ಬರಿದಾಗಿ ಕಾಣುವ ಗುಡ್ಡದ ನೆಲದೊಳಗೆ ಹೀಗೆ ಕಾದು ಕುಳಿತ ಬೇರುಗಳು ಎಷ್ಟಿವೆಯೋ ಮೇಲಿನಿಂದ ನೋಡಿದವರಿಗೆ ತಿಳಿಯದು.

ಹೀಗಿರುವಲ್ಲಿ ಒಂದು ಸಂದೇಹವು ಸಹಜವಾಗಿ ಏಳುವುದು. ಮರಕ್ಕೆ ಇಷ್ಟು ಜೀವಶಕ್ತಿಯಿದ್ದರೆ ನಮ್ಮ ನಾಡಿನ ಎಷ್ಟೋ ಗುಡ್ಡಗಳು ಬೋಳಾಗಿರುವುದೇಕೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ಮಲೆನಾಡಿನ ಕಾಡಿಗಿಂತ ಬಯಲುಸೀಮೆಯೇ ಉತ್ತಮವಾದ ಸ್ಥಳ. ಅದಕ್ಕಾಗಿ ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಜಿಲ್ಲೆಗೆ, ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಮಧ್ಯದ ಗೊರೇಬಾಳದ ಸೀಮೆಗೆ ಹೋಗೋಣ.

ಶಾಸನಗಳಲ್ಲಿ ಈ ಪ್ರದೇಶಕ್ಕೆ ಎಡೆದೊರೆನಾಡು ಎಂದು ಹೆಸರು; ಎರಡು ಹೊಳೆಗಳ ಎಡೆಯ ನಾಡೆಂದರ್ಥ. ವರುಷಕ್ಕೆ ಸುಮಾರು 25 ಅಂಗುಲ ಮಳೆ. ಕೆಲವೆಡೆ ಕಪ್ಪುಮಣ್ಣಿನ ಬಯಲು, ಕೆಲವೆಡೆ ಕೆಂಪುನೆಲ, ನಡುನಡುವೆ ಬಂಡೆಗಳನ್ನು ಹೇರಿಟ್ಟಂತಿರುವ ಗುಡ್ಡಗಳು. ಈ ಸೀಮೆಯಲ್ಲಿ ಮೋಪಿನ ಚರಿತ್ರೆಯನ್ನು ಹುಡುಕುವುದು ವಿಚಿತ್ರವೆಂದು ತೋರಬಹುದು. ಆದರೆ ಮರವನ್ನು ಕಡಿದುದಕ್ಕೆ ಇಲ್ಲಿರುವಷ್ಟು ಹಳೆಯ ಸಾಕ್ಷ್ಯವು ಕರ್ನಾಟಕದಲ್ಲಿ ಬೇರೆ ಕಡೆ ದೊರೆಯುವುದು ಅಪರೂಪ. ಆ ಸಾಕ್ಷ್ಯವಿರುವುದು ನೆಲದ ಮೇಲಲ್ಲ, ನೆಲದ ಆಳದಲ್ಲಿ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿಯನ್ನು ಎಲ್ಲರೂ ಕೇಳಿರುವಿರಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೊಸ ಗಣಿಗಾರರು ಅಲ್ಲಿ ಅಗೆಯಲಾರಂಭಿಸಿದಾಗ ತಮಗಿಂತ ಬಹಳ ಮುಂಚೆ ಯಾರೋ ಅಲ್ಲಿ ಚಿನ್ನವನ್ನು ತೆಗೆದಿರುವುದನ್ನು ಕಂಡರು. ಆ ಪ್ರಾಚೀನರ ಗಣಿಯು 600 ಅಡಿಗಳಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅದರೊಳಗೆ ದೊರೆತ ಮರದ ತುಂಡುಗಳ ವಯಸ್ಸನ್ನು ಇಂಗಾಲದ ಪರೀಕ್ಷೆಯಿಂದ ಗೊತ್ತುಮಾಡಲಾಗಿ, ಅವು ಸುಮಾರು 1900ರಿಂದ 2000 ವರುಷಗಳಷ್ಟು ಹಿಂದಿನವೆಂದು ತಿಳಿದುಬಂದಿತು. ಸಿಡಿಮದ್ದಿಲ್ಲದ ಆ ಕಾಲದಲ್ಲಿ ಅಷ್ಟು ಗಟ್ಟಿಯಾದ ಕಲ್ಲನ್ನು ಒಡೆದುದು ಬೆಂಕಿಯ ಬಲದಿಂದ. ಬಂಡೆಯ ಮುಖಕ್ಕೆ ಕಟ್ಟಿಗೆಯನ್ನು ಒಟ್ಟಿ ಉರಿ ಹಚ್ಚುವುದು. ಕಲ್ಲು ಕಾದು ಕೆಂಪಾದೊಡನೆ ನೀರು ಸುರಿಯುವುದು. ಬಿರುಕುಬಿಟ್ಟ ಕಲ್ಲನ್ನು ಕಿತ್ತು ಹೊರಕ್ಕೆ ಸಾಗಿಸುವುದು. ಒಂದೊಂದು ಮೊಳ ಮುಂದುವರಿಯುವುದಕ್ಕೂ ಕಟ್ಟಿಗೆಯ ರಾಶಿಯೇ ಬೇಕು. ಅದಲ್ಲದೆ ಗಣಿಯ ಗೋಡೆ ಕುಸಿಯದಂತೆ ಆನಿಸುವುದಕ್ಕೆ ಗಟ್ಟಿಯಾದ ಮೋಪು ಬೇಕು. ಕಲ್ಲನ್ನು ಅರೆದು ತೆಗೆದ ಚಿನ್ನವನ್ನು ಕರಗಿಸುವುದಕ್ಕೆ ಇದ್ದಿಲು ಬೇಕು. ಆರುನೂರು ಅಡಿಯ ಆಳವೆಂದರೆ ಅದೆಷ್ಟು ಗುಡ್ಡಗಳ ಮರವೋ ಊಹಿಸಿಕೊಳ್ಳಿರಿ. ಇಂದು ಬೋಳಾಗಿರುವ ಈ ಸೀಮೆಯು ಅಂದು ಇಷ್ಟೊಂದು ಕಟ್ಟಿಗೆಯನ್ನು ಒದಗಿಸಬಲ್ಲ ನಾಡಾಗಿದ್ದಿರಬೇಕೆಂಬುದೇ ಈ ಗಣಿಯು ನಮಗೆ ಹೇಳುವ ಮೊದಲನೆಯ ಮಾತು.

ಎರಡನೆಯ ಮಾತು ಇದಕ್ಕಿಂತಲೂ ಮುಖ್ಯವಾದುದು. ಇಂತಹ ಗಣಿಯು ಒಂದೆರಡು ವರುಷಗಳಲ್ಲಿ ಮುಗಿಯುವ ಕೆಲಸವಲ್ಲ. ತಲೆಮಾರುಗಳ ಪರ್ಯಂತ ಕಟ್ಟಿಗೆ ಬರುತ್ತಿದ್ದಿರಬೇಕಾದರೆ ಕಡಿದ ಗುಡ್ಡಗಳು ಮತ್ತೆ ಚಿಗುರುತ್ತಿದ್ದುವೆಂದೇ ಊಹಿಸಬೇಕಾಗಿದೆ. ಕೊಡಲಿಯೊಂದೇ ಕಾಡನ್ನು ಅಳಿಸಬಲ್ಲುದಾಗಿದ್ದರೆ ಗಣಿಯೂ ಬೇಗನೆ ನಿಂತುಹೋಗುತ್ತಿತ್ತು.

ಹಾಗಾದರೆ ಕಾಡನ್ನು ಅಳಿಸಿದುದು ಯಾವುದು? ಇಲ್ಲಿಗೆ ಸಮೀಪವಾದ ಮಸ್ಕಿಯ ಕಡೆಗೆ ಸ್ವಲ್ಪ ದೃಷ್ಟಿಯನ್ನು ಹೊರಳಿಸೋಣ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಅಲ್ಲಿಯ ಬಂಡೆಯ ಮೇಲೆ ಪ್ರಾಚೀನ ಲಿಪಿಯೊಂದನ್ನು ಕಂಡನು. ಓದಿ ನೋಡಲಾಗಿ ಅದು ದೇವಾನಾಂಪ್ರಿಯ ಅಶೋಕನೆಂದು ಹೆಸರನ್ನೇ ಹೇಳುವ ಶಾಸನವಾಗಿತ್ತು. ಅದುವರೆಗೆ ದೇವಾನಾಂಪ್ರಿಯನೆಂದು ಮಾತ್ರ ತಿಳಿದಿದ್ದ ಚಕ್ರವರ್ತಿಯು ಅಶೋಕನೇ ಎಂಬುದು ಇದರಿಂದ ಸ್ಥಿರಪಟ್ಟಿತು. ಚಿನ್ನವನ್ನು ಹುಡುಕಿ ಬಂದವನಿಗೆ ಅದಕ್ಕಿಂತ ಬೆಲೆಯುಳ್ಳ ವಸ್ತುವು ದೊರೆಯಿತು. ಇದೇ ಅಶೋಕನು ಉತ್ತರದೇಶದಲ್ಲಿ ಕಂಬಗಳ ಮೇಲೆ ಕೆತ್ತಿಸಿದ ಐದನೆಯ ಶಾಸನದಲ್ಲಿ, ಕಾಡುಗಳಿಗೆ ನಿಷ್ಕಾರಣವಾಗಿಯಾಗಲಿ ಪ್ರಾಣಿಗಳ ಹಿಂಸೆಗಾಗಿಯಾಗಲಿ ಬೆಂಕಿ ಹಚ್ಚಬಾರದೆಂದು ವಿಧಿಸಿರುವನು. ಮರವನ್ನು ಕಡಿಯಬೇಡಿರೆಂದು ಅಲ್ಲಿ ಹೇಳಿಲ್ಲ, ಸುಡಬೇಡಿರೆಂದು ಹೇಳಿದೆ. ಇಪ್ಪತ್ತೆರಡು ಶತಮಾನಗಳ ಹಿಂದಿನ ಈ ಆಜ್ಞೆಯಲ್ಲಿ ಇಂದಿನ ಅರಣ್ಯಶಾಸ್ತ್ರಜ್ಞನೂ ಒಪ್ಪತಕ್ಕ ವಿವೇಕವಿದೆ. ಕಡಿದ ಬುಡವು ಚಿಗುರುತ್ತದೆ. ಚಿಗುರನ್ನು ಬೆಂಕಿ ಸುಟ್ಟರೆ ಮತ್ತೊಮ್ಮೆ ಚಿಗುರುತ್ತದೆ. ವರುಷ ವರುಷವೂ ಸುಡುತ್ತ ಹೋದರೆ ಕೊನೆಗೆ ಬೇರಿನ ಭಂಡಾರವು ಬರಿದಾಗಿ ಸಾಯುತ್ತದೆ.

ಬೆಂಕಿಯಂತೆಯೇ ಜಾನುವಾರಿನ ಬಾಯಿಯೂ. ಮುದಗಲ್ಲಿನ ಸಮೀಪದ ಪಿಕ್ಲಿಹಾಳದಲ್ಲಿ ಆಲ್ಚಿನ್ ಎಂಬ ವಿದ್ವಾಂಸರು 1952ರಲ್ಲಿ ಅಗೆದು ನೋಡಿದಾಗ, ನವಶಿಲಾಯುಗದಲ್ಲಿಯೇ ಇಲ್ಲಿ ದನಗಳನ್ನು ಸಾಕಿ ಬದುಕಿದ ಜನರಿದ್ದರೆಂಬುದು ಗೊತ್ತಾಯಿತು. ಅಂದಿನಿಂದ ಇಂದಿನವರೆಗೆ ಈ ಗುಡ್ಡಗಳಲ್ಲಿ ಮೇಯುವ ಬಾಯಿ ತಪ್ಪಿದ್ದಿಲ್ಲ. ಮೃದುವಾದ ಚಿಗುರು ಆಡಿಗೆ ಬಹು ಪ್ರಿಯ. ಅದು ಮೇದಲ್ಲಿ ಚಿಗುರು ಗಿಡ್ಡಗಾಗಿ ಪೊದೆಯಾಗಿಯೇ ಉಳಿಯುತ್ತದೆ. ಕೆಳಗೆ ನೂರು ವರುಷದ ಬೇರು, ಮೇಲೆ ಮೊಣಕಾಲೆತ್ತರದ ಪೊದೆ, ಇಂತಹ ದೃಶ್ಯವನ್ನು ಬಯಲುಸೀಮೆಯ ಗುಡ್ಡಗಳಲ್ಲಿ ಕಾಣಬಹುದು. ಇದಕ್ಕೂ ಮೀರಿ ಬೊಡ್ಡೆಯನ್ನೇ ಅಗೆದು ಸೌದೆಗೆ ಒಯ್ದರೆ, ಅಥವಾ ಇಳಿಜಾರನ್ನು ಉತ್ತು ಬಿತ್ತಿದರೆ, ಮೇಲ್ಮಣ್ಣು ಕೊಚ್ಚಿಹೋಗಿ ಬಂಡೆ ಬಯಲಾಗುವುದು. ಕೊಡಲಿಯ ಪೆಟ್ಟು ಮೊದಲನೆಯದು. ಅದರಿಂದ ಕಾಡು ಚೇತರಿಸಿಕೊಳ್ಳಬಲ್ಲುದು. ಅದು ಚೇತರಿಸಿಕೊಳ್ಳುವ ಸಮಯದಲ್ಲಿ ಬೀಳುವ ಎರಡನೆಯ ಪೆಟ್ಟೇ ಅದನ್ನು ಕೊಲ್ಲುವುದು. ನಮ್ಮ ನಾಡಿನ ಅರಣ್ಯಗಳ ಚರಿತ್ರೆಯನ್ನೆಲ್ಲ ಈ ಒಂದು ದೃಷ್ಟಿಯಿಂದ ನೋಡಬಹುದೆಂದು ನನ್ನ ಅಭಿಪ್ರಾಯ.

ಆದರೆ ಆಡು ಕುರಿಗಳ ಮೇಲೆ ತಪ್ಪನ್ನೆಲ್ಲ ಹೊರಿಸುವ ಮುನ್ನ ಇದೇ ಸೀಮೆಯ ಇನ್ನೊಂದು ಸಂಗತಿಯನ್ನು ಹೇಳಬೇಕು. ಎಡೆದೊರೆಯ ಕಪ್ಪುನೆಲಕ್ಕೆ ಒಗ್ಗಿದ ಗಟ್ಟಿಮರವೆಂದರೆ ಕರಿಜಾಲಿ. ಗಾಡಿಯ ಗಾಲಿ, ನೇಗಿಲು, ಕುಂಟೆ ಇವಕ್ಕೆಲ್ಲ ಅದರ ಚೇಗೇ ಆಧಾರ. ಇದನ್ನು ನೆಟ್ಟು ಬೆಳೆಸಿದವರು ಕಡಿಮೆ; ಹೊಲದ ಬದುಗಳಲ್ಲಿಯೂ ಹಳ್ಳದ ದಂಡೆಗಳಲ್ಲಿಯೂ ತಾನಾಗಿಯೇ ಹುಟ್ಟಿದ್ದನ್ನು ರೈತನು ಕಡಿಯದೆ ಉಳಿಸಿಕೊಂಡನು. ಇದರ ಬೀಜದ ಹೊರಚಿಪ್ಪು ಬಹಳ ಗಟ್ಟಿ. ಹಾಗೆಯೇ ಬಿತ್ತಿದರೆ ಬೇಗನೆ ಮೊಳೆಯದು. ಕುರಿ ಆಡುಗಳು ಜಾಲಿಕಾಯಿಯನ್ನು ಆಸೆಯಿಂದ ತಿನ್ನುತ್ತವೆ. ಅವುಗಳ ಹೊಟ್ಟೆಯಲ್ಲಿ ಚಿಪ್ಪು ಮೆತ್ತಗಾಗಿ, ಹಿಕ್ಕೆಯೊಡನೆ ಹೊರಬಿದ್ದ ಬೀಜವು ಸುಲಭವಾಗಿ ಮೊಳೆಯುತ್ತದೆ. ಬೇಸಗೆಯಲ್ಲಿ ಕುರುಬರು ತಮ್ಮ ಹಿಂಡುಗಳನ್ನು ಗೊಬ್ಬರಕ್ಕಾಗಿ ರಾತ್ರಿ ಹೊಲದಿಂದ ಹೊಲಕ್ಕೆ ತಂಗಿಸುತ್ತ ಹೋಗುವ ಪದ್ಧತಿಯು ನಮ್ಮ ಬಯಲುಸೀಮೆಯಲ್ಲಿ ಬಹಳ ಹಳೆಯದು. ಅವರ ಹಿಂಡು ಗೊಬ್ಬರದ ಜೊತೆಗೆ ಮುಂದಿನ ತಲೆಮಾರಿನ ಗಾಡಿಯ ಗಾಲಿಯನ್ನೂ ಬಿತ್ತಿ ಹೋಗುತ್ತಿತ್ತು. ಗುಡ್ಡದ ಚಿಗುರನ್ನು ತಿಂದುಹಾಕುವ ಪ್ರಾಣಿಯೇ ಬಯಲಿನಲ್ಲಿ ಮರವನ್ನು ಬಿತ್ತುವುದೂ ಆಗಿರುವಾಗ, ದೋಷವಿರುವುದು ಪ್ರಾಣಿಯಲ್ಲಿ ಅಲ್ಲ. ಯಾವ ಕಾಲದಲ್ಲಿ, ಎಲ್ಲಿ, ಎಷ್ಟು ಮೇಯಬೇಕೆಂಬ ಕಟ್ಟಳೆ ತಪ್ಪಿದುದರಲ್ಲಿ ಎಂಬುದು ಸ್ಪಷ್ಟವಾಗುತ್ತದೆ.

ಇನ್ನು ಆಧುನಿಕ ಕಾಲಕ್ಕೆ ಬರೋಣ. 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲುದಾರಿಯೂ ಮದರಾಸಿನ ಕಡೆಯಿಂದ ಬಂದ ರೈಲುದಾರಿಯೂ ರಾಯಚೂರಿನಲ್ಲಿ ಕೂಡಿದುವು. ಪ್ರಯಾಣಿಕನಿಗೆ ಇದು ಸಂತೋಷದ ವಾರ್ತೆ. ಕಾಡಿಗೆ ಅಷ್ಟು ಸಂತೋಷದ್ದಲ್ಲ. ಕಂಬಿಯ ಕೆಳಗೆ ಹಾಸುವ ಅಡ್ಡಮರಗಳಿಗೆ ಗೆದ್ದಲು ಮುಟ್ಟದ ಗಟ್ಟಿಮರವೇ ಬೇಕು. ಅಂದಿನ ಎಂಜಿನುಗಳಲ್ಲಿ ಅನೇಕವು ಕಟ್ಟಿಗೆಯನ್ನೇ ಉರಿಸಿ ಓಡತಕ್ಕವು. ಹಡಗು ಕಟ್ಟುವುದಕ್ಕೆ ತೇಗವು ಅದಕ್ಕಿಂತ ಮೊದಲೇ ಹೋಗುತ್ತಿತ್ತು. ಹೀಗೆ ಹತ್ತೊಂಬತ್ತನೆಯ ಶತಮಾನದ ನಡುವಿನ ವೇಳೆಗೆ ದಕ್ಷಿಣ ದೇಶದ ಮೋಪು ಮುಗಿದೇಹೋಗುವುದೆಂಬ ಭಯವು ಆಳುವವರಲ್ಲಿ ಹುಟ್ಟಿತು.

ಈ ಭಯವನ್ನು ಸ್ಪಷ್ಟವಾಗಿ ಬರೆದಿಟ್ಟವರಲ್ಲಿ ಕ್ಲೆಗ್‌ಹಾರ್ನ್ ಎಂಬ ವೈದ್ಯನು ಮುಖ್ಯನು. 1840ರ ದಶಕದ ಕೊನೆಯಲ್ಲಿ ಶಿವಮೊಗ್ಗೆಯಲ್ಲಿದ್ದ ಈತನು ಮಲೆನಾಡಿನ ಕಾಡುಗಳನ್ನು ತಿರುಗಿ ನೋಡಿದನು. 1856ರಲ್ಲಿ ಮದರಾಸು ಆಧಿಪತ್ಯದ ಅರಣ್ಯ ಸಂರಕ್ಷಕನಾದನು. ಅದೇ ವರುಷ ಬರ್ಮಾದೇಶದ ಪೆಗು ಪ್ರಾಂತದಲ್ಲಿ ಬ್ರಾಂಡಿಸ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞನು ತೇಗದ ಕಾಡುಗಳ ಆಡಳಿತವನ್ನು ವಹಿಸಿಕೊಂಡನು. ಕಾಡಿನಲ್ಲಿ ಯಾವ ಗಾತ್ರದ ಮರಗಳು ಎಷ್ಟಿವೆಯೆಂದು ಎಣಿಸುವುದು, ಕಿರಿಯ ಮರಗಳು ಬೆಳೆದು ದೊಡ್ಡವಾಗುವ ವೇಗವನ್ನು ಲೆಕ್ಕಹಾಕುವುದು, ಬೆಳೆದಷ್ಟನ್ನು ಮಾತ್ರ ಕಡಿಯುವುದು, ಇದು ಬ್ರಾಂಡಿಸನ ಮಾರ್ಗ. ಬಡ್ಡಿಯನ್ನು ಉಣ್ಣಬೇಕು, ಅಸಲಿಗೆ ಕೈಹಾಕಬಾರದು ಎಂಬ ನಮ್ಮ ಸಾಹುಕಾರರ ನೀತಿಯೇ ಇದು. 1864ರಲ್ಲಿ ಆತನು ಭಾರತದ ಅರಣ್ಯಗಳ ಪ್ರಥಮ ಇನ್‌ಸ್ಪೆಕ್ಟರ್ ಜನರಲ್ ಆದನು. ಅದೇ ವರುಷ ಮೈಸೂರು ಸಂಸ್ಥಾನದಲ್ಲಿಯೂ ಅರಣ್ಯ ಇಲಾಖೆಯು ಆರಂಭವಾಯಿತು.

ಇದಕ್ಕೆ ಸ್ವಲ್ಪ ಮುಂಚೆ, 1840ರ ದಶಕದಲ್ಲಿ, ಮಲಬಾರಿನ ನಿಲಂಬೂರಿನಲ್ಲಿ ಕಲೆಕ್ಟರ್ ಕಾನೊಲಿಯು ಚಾತು ಮೆನೋನರ ಸಹಾಯದಿಂದ ತೇಗದ ತೋಪನ್ನು ನೆಡಿಸಿದನು. ಮೊದಮೊದಲು ಬೀಜವು ಮೊಳೆಯದೆ ಬಹಳ ಕಷ್ಟವಾಯಿತು. ಆಮೇಲೆ ಸಸಿಗಳೆದ್ದು ಆ ತೋಪು ಜಗತ್ಪ್ರಸಿದ್ಧವಾಯಿತು. ಹೀಗೆ ಆ ಕಾಲದಲ್ಲಿ ಎರಡು ಮಾರ್ಗಗಳು ನಮ್ಮ ದೇಶದಲ್ಲಿ ಜೊತೆಜೊತೆಯಾಗಿ ಹೊರಟುವು. ಒಂದು, ಕಡಿದ ಸ್ಥಳವನ್ನು ಬರಿದುಮಾಡಿ ಬೇಕಾದ ಒಂದೇ ಮರವನ್ನು ಸಾಲಾಗಿ ನೆಡುವುದು. ಇನ್ನೊಂದು, ಕಾಡು ತಾನಾಗಿ ಮರಳಿ ಬರುವಂತೆ ಅನುವುಮಾಡಿ ಕಾಯುವುದು. ಈ ಎರಡನೆಯ ಮಾರ್ಗದಲ್ಲಿ ಕಾಡನ್ನು ಕೂಪುಗಳಾಗಿ ಹಂಚಿ ವರುಷಕ್ಕೊಂದರಂತೆ ಕಡಿಯುತ್ತಾರೆ. ನೀರು ನಿಂತು ಕೊಳೆಯದಂತೆ ಬುಡವನ್ನು ಇಳಿಜಾರಾಗಿ, ನೆಲಮಟ್ಟಕ್ಕೆ ಕತ್ತರಿಸುತ್ತಾರೆ. ಬೀಜಕ್ಕೆಂದು ಅಲ್ಲಲ್ಲಿ ಒಳ್ಳೆಯ ಮರಗಳನ್ನು ಉಳಿಸುತ್ತಾರೆ. ಹಲವು ಚಿಗುರುಗಳಲ್ಲಿ ಒಂದೆರಡನ್ನು ಮಾತ್ರ ಇಟ್ಟುಕೊಂಡು ಮಿಕ್ಕವನ್ನು ಸವರುತ್ತಾರೆ. ಆಮೇಲೆ ಬೆಂಕಿಯನ್ನೂ ದನವನ್ನೂ ಕೆಲವು ವರುಷ ಹೊರಗಿಡಬೇಕು.

ಈ ಕೊನೆಯ ಮಾತಿನಲ್ಲಿಯೇ ಜಗಳದ ಬೀಜವಿತ್ತು. ಮಲೆನಾಡಿನ ಬೆಟ್ಟಗಳಲ್ಲಿ ಕಾಡನ್ನು ಕಡಿದು, ಸುಟ್ಟು, ಒಂದೆರಡು ವರುಷ ರಾಗಿಯನ್ನೋ ಬತ್ತವನ್ನೋ ಬೆಳೆದು, ಆ ಸ್ಥಳವನ್ನು ಬಿಟ್ಟು ಮುಂದಕ್ಕೆ ಹೋಗುವ ಕುಮರಿ ಬೇಸಾಯವು ಅನೇಕ ಜನಾಂಗಗಳ ಜೀವನೋಪಾಯವಾಗಿತ್ತು. ಕ್ಲೆಗ್‌ಹಾರ್ನನು ಇದರ ಕಡು ವಿರೋಧಿ. 1860ರಲ್ಲಿ ಮದರಾಸು ಸರಕಾರವು ತನ್ನ ಕಾಡುಗಳಲ್ಲಿ ಅಪ್ಪಣೆಯಿಲ್ಲದೆ ಕುಮರಿ ಮಾಡಕೂಡದೆಂದು ನಿಷೇಧಿಸಿತು. ಕುಮರಿಯಿಂದ ಬೆಲೆಬಾಳುವ ಮರಗಳು ಹಾಳಾದುದು ಸುಳ್ಳಲ್ಲ. ಆದರೆ ನ್ಯಾಯವಾಗಿ ಹೇಳುವುದಾದರೆ, ಹನ್ನೆರಡು ಹದಿನೈದು ವರುಷಗಳವರೆಗೆ ಹಳೆಯ ಜಾಗಕ್ಕೆ ಮರಳದಿದ್ದಲ್ಲಿ ಕಾಡು ಆ ಜಾಗವನ್ನು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಅವಧಿಯು ಕುಗ್ಗಿದಲ್ಲಿ ಮಾತ್ರ ಮುಳ್ಳುಪೊದೆ ಉಳಿಯುತ್ತಿತ್ತು. ಒಂದು ಕಡೆ ಕುಮರಿಯವನನ್ನು ಹೊರದೂಡಿ, ಇನ್ನೊಂದು ಕಡೆ ರೈಲಿಗಾಗಿ ಅದೇ ಕಾಡನ್ನು ಕಡಿಯಗೊಟ್ಟುದನ್ನು ನೆನೆದರೆ, ಕಾಡನ್ನು ಕಾಯುವ ಕೆಲಸದಲ್ಲಿ ಕಾಯಬೇಕಾದುದು ಯಾರಿಗಾಗಿ ಎಂಬ ಪ್ರಶ್ನೆಯು ಅಂದೇ ಹುಟ್ಟಿತೆಂದು ಹೇಳಬೇಕು. ಅದು ಇಂದಿಗೂ ತೀರಿಲ್ಲ.

ಮೈಸೂರಿನ ಶ್ರೋತೃಗಳಿಗೆ ಪ್ರಿಯವಾದ ಶ್ರೀಗಂಧದ ಚರಿತ್ರೆಯಲ್ಲಿಯೂ ಇದೇ ಪಾಠವಿದೆ. 1792ರಲ್ಲಿ ಟಿಪ್ಪುಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಸಾರಿದನು. ಅಂದಿನಿಂದ ಯಾರ ಹೊಲದಲ್ಲಿ ಬೆಳೆದರೂ ಅದು ದೊರೆಯ ಸೊತ್ತು. ಗಂಧವನ್ನು ಕಡಿಯುವುದಿಲ್ಲ, ಬೇರಿನಲ್ಲಿಯೂ ಎಣ್ಣೆಯಿರುವುದರಿಂದ ಬೇರುಸಹಿತ ಕೀಳುತ್ತಾರೆ. ಆದರೂ ಮಣ್ಣಿನಲ್ಲಿ ಹರಿದು ಉಳಿದ ಬೇರಿನ ತುಂಡುಗಳಿಂದ ಮತ್ತೆ ಸಸಿಗಳೇಳುತ್ತವೆ. ಇದರ ಕಪ್ಪುಹಣ್ಣನ್ನು ತಿಂದ ಹಕ್ಕಿಗಳು ಬೀಜವನ್ನು ಬೇಲಿಗಳಲ್ಲಿಯೂ ಪೊದೆಗಳಲ್ಲಿಯೂ ಉದುರಿಸುತ್ತವೆ. ಪೊದೆಯ ಮುಳ್ಳು ಸಸಿಯನ್ನು ದನದ ಬಾಯಿಂದ ಕಾಯುವುದು; ಪಕ್ಕದ ಗಿಡದ ಬೇರು ಅದಕ್ಕೆ ಆಹಾರವನ್ನೂ ಒದಗಿಸುವುದು, ಏಕೆಂದರೆ ಗಂಧವು ಇತರ ಗಿಡಗಳ ಬೇರುಗಳಿಗೆ ತನ್ನ ಬೇರನ್ನು ತಗುಲಿಸಿ ರಸವನ್ನು ಹೀರತಕ್ಕ ಅರ್ಧಪರಾವಲಂಬಿ ವೃಕ್ಷ. ಒಂಟಿಯಾಗಿ, ಶುಚಿಯಾಗಿ ಗುಡಿಸಿದ ನೆಲದಲ್ಲಿ ನೆಟ್ಟರೆ ಅದು ಏಳಿಗೆಯಾಗದು. ನಮ್ಮ ಅತ್ಯಂತ ಬೆಲೆಯುಳ್ಳ ಮರವು ನಾವು ಕೆಲಸಕ್ಕೆ ಬಾರದ್ದೆಂದು ತಿಳಿದ ಪೊದೆಯ ಆಸರೆಯಲ್ಲಿ ಬೆಳೆಯುವುದು. 1899ರಲ್ಲಿ ಕೊಡಗಿನಲ್ಲಿ ಮೊದಲು ಕಂಡ ಕಡ್ಡಿರೋಗದಿಂದಲೂ ಕಳ್ಳರ ಕೈಯಿಂದಲೂ ಗಂಧಕ್ಕೆ ಬಹಳ ಹಾನಿಯಾಯಿತು. ರಾಜವೃಕ್ಷವೆಂಬ ಬಿರುದು ಕೂಡ ಅದಕ್ಕೆ ಪೂರ್ಣ ರಕ್ಷೆಯಾಗಲಿಲ್ಲ. ತನ್ನದಲ್ಲದ ಮರವು ಹೊಲದಲ್ಲಿ ಹುಟ್ಟಿದರೆ ರೈತನಿಗೆ ಅದು ಕಾವಲಿನ ತೊಂದರೆಯೇ ಹೊರತು ಭಾಗ್ಯವಲ್ಲ. ಸಸಿಯಿರುವಾಗಲೇ ಕಿತ್ತೆಸೆಯುವ ಆಶೆ ಸಹಜ. 2001ರಲ್ಲಿ ಕರ್ನಾಟಕದ ಅರಣ್ಯ ಕಾಯಿದೆಯನ್ನು ತಿದ್ದಿ, ಹೊಲದಲ್ಲಿ ಬೆಳೆದ ಗಂಧವು ಭೂಮಿಯ ಒಡೆಯನದೇ ಎಂದು ಮಾಡಿದರು. ಎರಡು ಶತಮಾನಗಳ ಅನುಭವದ ಮೇಲೆ ಬಂದ ವಿವೇಕವಿದು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನೂ ಇಲ್ಲಿ ನೆನೆಯಬೇಕು. 1923ರಲ್ಲಿ ಅದರ ಕುಲುಮೆ ಹೊತ್ತಿದಾಗ ಕಲ್ಲಿದ್ದಲಿಲ್ಲದ ಸಂಸ್ಥಾನವು ಮರದ ಇದ್ದಿಲಿನಿಂದಲೇ ಕಬ್ಬಿಣವನ್ನು ಕರಗಿಸಿತು. ಸುತ್ತಣ ಕಾಡುಗಳ ಸೌದೆಯನ್ನು ಬಟ್ಟಿಯಿಳಿಸಿ ಇದ್ದಿಲನ್ನೂ ಮರದ ಮದ್ಯಸಾರವನ್ನೂ ತೆಗೆಯುತ್ತಿದ್ದರು. ಇದ್ದಿಲಿಗೆ ಮರದ ದಪ್ಪವು ಮುಖ್ಯವಲ್ಲ. ಹತ್ತಿಪ್ಪತ್ತು ವರುಷದ ಚಿಗುರೂ ಸಾಕು. ತೊಲೆಗಾದರೋ ಎಂಬತ್ತು ನೂರು ವರುಷ ಬೇಕು. ಹಾಗೆಯೇ ಒಂದೇ ಬುಡವನ್ನು ಮತ್ತೆ ಮತ್ತೆ ಕಡಿದರೆ ಅದರ ಚಿಗುರುವ ಶಕ್ತಿಯೂ ತಗ್ಗುತ್ತದೆ. ಆದುದರಿಂದ ತಾನಾಗಿ ಮರಳಿದ ಕಾಡು ಸೌದೆಯಾಗುವುದೋ ಮೋಪಾಗುವುದೋ ಎಂಬುದನ್ನು ನಿಶ್ಚಯಿಸುವುದು ಮಣ್ಣು ಮಳೆಗಳಿಗಿಂತ ಹೆಚ್ಚಾಗಿ ನಮ್ಮ ತಾಳ್ಮೆ.

ಈ ತಾಳ್ಮೆಯು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಹಳ ಕುಗ್ಗಿತೆಂದು ಹೇಳಬೇಕಾಗಿದೆ. ಬೇಗನೆ ಬೆಳೆಯುವ ನೀಲಗಿರಿಯನ್ನು ಎಲ್ಲೆಡೆಯೂ ನೆಡುವ ಉತ್ಸಾಹ ಹರಡಿತು. ಗೋಮಾಳಗಳಲ್ಲಿ ಉಳಿದಿದ್ದ ಹಳೆಯ ಬುಡಗಳನ್ನು ಕಿತ್ತು, ಪೊದೆಗಳನ್ನು ಸವರಿ, ನೆಲವನ್ನು ಹಸನುಮಾಡಿ ಒಂದೇ ಜಾತಿಯ ಸಸಿಗಳನ್ನು ನೆಟ್ಟರು. 1983ರ ಸೆಪ್ಟೆಂಬರಿನಲ್ಲಿ ಉತ್ತರ ಕನ್ನಡದ ಸಾಲ್ಕಣಿಯ ಜನರು ಸಹಜವಾದ ಕಾಡನ್ನು ಕಡಿಯಬಂದವರ ಮುಂದೆ ಮರಗಳನ್ನು ಅಪ್ಪಿ ನಿಂತರು. ಉಳಿಸು, ಬೆಳೆಸು, ಬಳಸು ಎಂಬುದು ಅಪ್ಪಿಕೊ ಚಳವಳಿಯ ಘೋಷಣೆಯಾಯ್ತು. ಬಳಸು ಎಂಬ ಮಾತೂ ಅದರಲ್ಲಿ ಸೇರಿರುವುದನ್ನು ಗಮನಿಸಿರಿ. ಕಾಡನ್ನು ಮುಟ್ಟಲೇಬಾರದೆಂಬ ಹಟವು ಆ ಜನರದಲ್ಲ. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ರೈತರು ಸಾಮೂಹಿಕ ಭೂಮಿಯಲ್ಲಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಉಪಯೋಗವಾಗುವ ಮರಗಳ ಸಸಿಗಳನ್ನು ನೆಟ್ಟರು. ಕಿತ್ತಿಕೊ ಹಚ್ಚಿಕೊ ಎಂದು ಅದಕ್ಕೆ ಹೆಸರಾಯಿತು. ಆ ಭೂಮಿಯನ್ನು ಕಾಗದದ ತಿರುಳಿಗಾಗಿ ಪಡೆದಿದ್ದ ಕಂಪನಿಯು 1991ರಲ್ಲಿ ಮುಚ್ಚಿತು. 2017ರಲ್ಲಿ ಸರಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಮತ್ತೆ ನಮ್ಮ ಎಡೆದೊರೆಗೆ ಬರೋಣ. 1945ರ ಫೆಬ್ರವರಿಯಲ್ಲಿ ತುಂಗಭದ್ರೆಯ ಅಣೆಕಟ್ಟಿಗೆ ಶಂಕುಸ್ಥಾಪನೆಯಾಯಿತು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಎಡದಂಡೆಯ ಕಾಲುವೆಯು ಸಿಂಧನೂರಿನ ಬಯಲನ್ನು ಬತ್ತದ ಕಣಜವನ್ನಾಗಿ ಮಾಡಿತು. ಹಸಿವನ್ನು ನೀಗಿದ ಈ ನೀರನ್ನು ಯಾರೂ ಹಳಿಯಲಾರರು. ಆದರೆ ಗದ್ದೆಯ ಬದುವಿನಲ್ಲಿ ಕರಿಜಾಲಿಗೆ ಎಡೆಯಿಲ್ಲ. ಎತ್ತಿನ ಗಾಡಿಯು ಹೋಗಿ ಟ್ರಾಕ್ಟರು ಬಂದ ಮೇಲೆ ಅದರ ಚೇಗನ್ನು ಕೇಳುವವರೂ ಕಡಿಮೆ. ಕಾಲುವೆಯ ನೀರು ಮುಟ್ಟದ ಮಸ್ಕಿ, ಲಿಂಗಸುಗೂರಿನ ಗುಡ್ಡಗಳ ಬದಿಯಲ್ಲಿ ಬಳ್ಳಾರಿ ಜಾಲಿ ಹಬ್ಬಿದೆ. 1870ರ ದಶಕದಲ್ಲಿ ಹೊರದೇಶದಿಂದ ತಂದ ಈ ಮುಳ್ಳುಗಿಡವೂ ಕುರಿ ದನಗಳ ಹೊಟ್ಟೆಯ ಮೂಲಕವೇ ಊರೂರಿಗೆ ಹರಡಿತು. ಎಷ್ಟು ಕಡಿದರೂ ಚಿಗುರುವ ಅದರ ಛಲವನ್ನು ಕಂಡು ರೈತರು ಬೇಸತ್ತಿದ್ದಾರೆ. ಬಡವರ ಒಲೆಯು ಉರಿಯುವುದೂ ಅದರಿಂದಲೇ. ತಾನಾಗಿ ಬೆಳೆಯುವುದೆಲ್ಲವೂ ನಮ್ಮ ಹಿತಕ್ಕೆ ಬರುವುದೆಂದು ತಿಳಿಯಬಾರದೆಂಬುದಕ್ಕೆ ಇದೇ ಉದಾಹರಣೆ. ಹಳೆಯ ಬೇರುಗಳು ಸತ್ತುಹೋದ ನೆಲದಲ್ಲಿ ಮರಳಿ ಬರುವುದು ಹಳೆಯ ಕಾಡಲ್ಲ. ಹತ್ತಿರದಲ್ಲಿ ಯಾವ ಬೀಜವಿದೆಯೋ ಅದೇ ಬರುವುದು.

ಹೀಗೆಂದ ಮಾತ್ರಕ್ಕೆ ಸಸಿ ನೆಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಬೇರೂ ಬೀಜವೂ ಉಳಿಯದ ಸ್ಥಳದಲ್ಲಿ ನೆಡದೆ ಗತಿಯಿಲ್ಲ. ತಾನಾಗಿ ಬೆಳೆದ ಕಾಡು ಸಾಲಾಗಿ ನೆಟ್ಟ ತೋಪಿನಂತೆ ನೇರವಾಗಿರದು. ಬೇಕಾದ ಮರದ ಜೊತೆಗೆ ಬೇಡದ ಹತ್ತು ಮರಗಳೂ ಬರುತ್ತವೆ. ಹಳೆಯ ಬೊಡ್ಡೆಯಿಂದೆದ್ದ ಕಾಂಡದಲ್ಲಿ ಕೆಲವೊಮ್ಮೆ ಬುಡವು ಟೊಳ್ಳಾಗಿರುವುದೂ ಉಂಟು. ಇವೆಲ್ಲ ನಿಜವೇ. ಆದರೆ ಗುದ್ದಲಿಯನ್ನು ಎತ್ತುವ ಮುನ್ನ, ಈ ನೆಲದಲ್ಲಿ ಈಗಾಗಲೇ ಏನಿದೆ ಎಂದು ಬಾಗಿ ನೋಡುವುದು ಯುಕ್ತ. ಮೊಣಕಾಲೆತ್ತರದ ಪೊದೆಯ ಕೆಳಗೆ ನೂರು ವರುಷದ ಬೇರಿದ್ದರೆ, ಅದನ್ನು ಅಗೆದು ತೆಗೆದು ಚೀಲದಲ್ಲಿ ಬೆಳೆಸಿದ ಸಸಿಯನ್ನು ಅಲ್ಲಿಡುವುದು ಆಸ್ತಿಯನ್ನು ಮಾರಿ ಸಾಲ ತಂದಂತೆ.

ಕೊನೆಯದಾಗಿ ಒಂದು ಮಾತು. ತಾನಾಗಿ ಬೆಳೆಯುವ ಕಾಡಿಗೆ ಹಣದ ವೆಚ್ಚ ಅಲ್ಪ. ಕಾಲದ ವೆಚ್ಚ ಬಹಳ. ಆ ಕಾಲವನ್ನು ಯಾರೋ ಕೊಡಲೇಬೇಕು. ಗುಡ್ಡವನ್ನು ಐದು ವರುಷ ಮುಚ್ಚಿದರೆ ಆಡುಗಳನ್ನು ಬೇರೆಡೆಗೆ ಹೊಡೆಯಬೇಕಾದವನು ಕುರುಬ. ಸೌದೆಗೆ ಇನ್ನೆರಡು ಮೈಲಿ ನಡೆಯಬೇಕಾದವಳು ಬಡವರ ಮನೆಯ ಹೆಂಗಸು. ಎಂಬತ್ತು ವರುಷಗಳ ಮೇಲೆ ಆ ತೊಲೆಯು ಏರುವುದು ಪಟ್ಟಣದವನ ಮನೆಯ ಮೇಲೆ. 1993ರ ಏಪ್ರಿಲಿನಲ್ಲಿ ಕರ್ನಾಟಕ ಸರಕಾರವು ಗ್ರಾಮ ಅರಣ್ಯ ಸಮಿತಿಗಳನ್ನು ಏರ್ಪಡಿಸುವ ಆಜ್ಞೆಯನ್ನು ಹೊರಡಿಸಿ, ಕಾಯುವವರಿಗೆ ಫಲದಲ್ಲಿ ಪಾಲುಂಟೆಂದು ಒಪ್ಪಿತು. ಅದು ಎಲ್ಲ ಕಡೆಯೂ ಸಮನಾಗಿ ಫಲಿಸಿಲ್ಲವಾದರೂ ತತ್ವವು ಸರಿಯಾದದ್ದು. ಕುಮರಿಯವನನ್ನು ಓಡಿಸಿದ ದಿನಗಳಿಂದ ನಾವು ಕಲಿತುದು ಇದು: ಚಿಗುರನ್ನು ಬೆಂಕಿಯಿಂದಲೂ ಬಾಯಿಂದಲೂ ಕಾಯುವವನು ಆ ಊರಿನವನೇ ಆಗಬೇಕು, ಮತ್ತು ಅವನು ಕಾಯಬೇಕಾದರೆ ಅವನ ಒಲೆಯೂ ಹಿಂಡೂ ನಡೆಯುವಂತಿರಬೇಕು.

ಹಟ್ಟಿಯ ಆಳದಲ್ಲಿ ಎರಡು ಸಾವಿರ ವರುಷಗಳ ಕಾಲ ಕೊಳೆಯದೆ ಉಳಿದ ಆ ಮರದ ತುಂಡು ಒಂದು ಕಾಲದಲ್ಲಿ ಈ ಗುಡ್ಡಗಳ ಮೇಲೆ ಎಲೆಬಿಟ್ಟು ನಿಂತಿತ್ತು. ಅದನ್ನು ಕಡಿದವನು ಬೊಡ್ಡೆಯನ್ನು ಬಿಟ್ಟುಹೋದನು. ಅದು ಅನೇಕ ಸಾರಿ ಚಿಗುರಿದ್ದಿರಬೇಕು. ಈ ಸಂಜೆ ತಮ್ಮ ಮನೆಯ ಹೊಸ್ತಿಲನ್ನು ದಾಟುವಾಗ ಅದರ ಮರದ ಬುಡವೂ ಎಲ್ಲಿಯೋ ಒಂದು ಕೂಪಿನಲ್ಲಿ ಉಳಿದಿತ್ತೆಂಬುದನ್ನು ಶ್ರೋತೃಗಳು ಒಮ್ಮೆ ನೆನೆದುಕೊಂಡರೆ ಈ ಭಾಷಣದ ಉದ್ದೇಶವು ಸಫಲವಾಯಿತೆಂದು ತಿಳಿಯುತ್ತೇನೆ.